ಹಸ್ತಾ ಮಳಿ ಹೊತ್ತಿನಾಗ ಕೆರಿ ಮೀನು ಗಾಳಕ್ಕ ಯಾಕ ಬೀಳವಲ್ವು?

ಅಮರ್ಜಾ_ದಂಡಿ
ಉತ್ತರಿ ಮಳಿ ಜೋರ ಆಯ್ತು, ಈಗ ಹಸ್ತಾ ಹಿಡದದ. ಆಳಂದ ಕಡಿ ಕೆರಿ ಎಲ್ಲಾ ತುಂಬ್ಯಾವ, ಅಮರ್ಜಾ ಹಿನ್ನೀರು ಹೊಲದ ಬದುವಿನ ತನಕ ಬಂದದ. ನೀರು ಇಷ್ಟ ಇದ್ರೂ ರೋಹು, ಕಟ್ಲಾ ಗಾಳಕ್ಕ ಬೀಳವಲ್ವು. ಜಿಲೇಬಿ (ತಿಲಾಪಿಯಾ) ಮೀನಿನ ಮರಿ ಅಷ್ಟ ಹಿಟ್ಟು ಕಿತ್ಕೊಂಡು ಹೋಗ್ತಾವ. ಸಾಮಾನು ಹಿಂಗದ: 10 ಅಡಿ ರಾಡ್, 0.35 ಮಿ.ಮೀ. ದಾರ, 6 ನಂಬರ್ ಗಾಳ, ನೀರ ಮ್ಯಾಲ ತೇಲೂ ಬೆಂಡು ಗಾಳದಿಂದ 3 ಅಡಿಗಿ ಕಟ್ಟಿದ್ದು. ಮೇವು ಗೋದಿ ಹಿಟ್ಟು, ಶೇಂಗಾ ಹಿಂಡಿ. ಹೊತ್ತು ಮುಂಜಾನಿ 5ರಿಂದ 8. ಏನ್ ಬದಲ್ ಮಾಡ್ಬೇಕ್ರಿ? ಮೇವಾ, ಜಾಗಾನಾ, ಹೊತ್ತಾ?

ಬೆಣ್ಣೆತೊರಾ
ಮೂರೂ.

ಕೋಡಿ_ಕಲ್ಲು
ಅಣ್ಣಾ, ಮೊದಲ ನೀರಿನ ಬಣ್ಣ ಹೇಳು. ಅದು ಗೊತ್ತಿಲ್ದ ಮೇವಿನ ಮಾತು ವ್ಯರ್ಥ.

ಕೈ ನೀರಾಗ ಇಳಿಸಿ ನೋಡು. ಅಂಗೈ ಮ್ಯಾಲ್ಮುಖ ಇರ್ಲಿ. ಮಣಿಕಟ್ಟು ಮುಳುಗೋದ್ರಾಗ ಅಂಗೈ ಕಾಣದಂಗ ಆದ್ರ ನೀರು ಭಾಳ ರಾಡಿ, ಅಲ್ಲಿ ಕಟ್ಲಾ ಮರ್ತುಬಿಡು. ಮೊಣಕೈ ಮುಳುಗೋ ತನಕ ಮಸುಕಾಗಿ ಕಂಡ್ರ, ಅಂದ್ರ 30ರಿಂದ 40 ಸೆಂ.ಮೀ., ಬಣ್ಣನೂ ತಿಳಿ ಹಸರು ಇದ್ರ, ಅದು ಛಲೋ ನೀರು. ಮೊಣಕೈ ಮುಳುಗಿದ್ರೂ ಬೆರಳು ಸ್ಪಷ್ಟ ಕಂಡ್ರ ಮೇಲ್ನೀರಾಗ ಆಹಾರ ಕಮ್ಮಿ, ಮೀನಿಗೂ ನಿನ್ನ ದಾರ ಕಾಣ್ತದ. ಆವಾಗ 0.25ಕ್ಕ ಇಳಿಬೇಕು.

ನಮ್ಮ ಕಡಿ ಎರಿ ಹೊಲದ ನೀರು ಜಲ್ದಿ ತಿಳಿ ಆಗಂಗಿಲ್ಲ. ಎರಿ ಮಣ್ಣಿನ ಕಣ ಭಾಳ ಸಣ್ಣವು, ತೇಲಕೋತ ಉಳಿತಾವ. ಬೀದರ ಕಡಿ ಕೆಂಪು ಕಲ್ಲಿನ ನೆಲದಾಗ ಮಳಿ ನಿಂತ ಎರಡು ಮೂರು ದಿನಕ್ಕ ತಿಳಿ ಆದ್ರ, ಇಲ್ಲಿ ವಾರ ದಾಟ್ತದ. ಒಂದ ಜಿಲ್ಲಾದಾಗಿನ ಎರಡು ಕೆರಿಗೂ ಒಂದ ಲೆಕ್ಕ ಹತ್ತಂಗಿಲ್ಲ.

ಹತ್ತಿಕುಣಿ_ಒಡ್ಡು
ಕೋಡಿ ಅಣ್ಣಾ, ರಾಡಿ ನೀರಾಗ ಮೀನು ಸಿಗಂಗಿಲ್ಲ ಅನ್ನೂದು ತಪ್ಪು. ಹಳ್ಳದ ನೀರು ಕೆರಿಗಿ ಕೂಡೂ ಬಾಯಾಗ ಎರೆಹುಳು ಹಾಕಿ ನೋಡ್ರಿ. ಮೃಗಾಲ, ಸಾದಾ ಗೆಂಡೆ, ಚೇಳು ಮೀನು ಎಲ್ಲಾ ಅಲ್ಲೇ ಇರ್ತಾವ.

ಕೋಡಿ_ಕಲ್ಲು
ತಳದ ಮೀನು ಸಿಗ್ತಾವ, ಒಪ್ಪಿದೆ. ನಾ ಹೇಳಿದ್ದು ಕಟ್ಲಾ. ಅದರ ಬಾಯಿ ಮ್ಯಾಲ್ಮುಖ ಅದ, ಮೇಲ್ನೀರಿನ ಸಣ್ಣ ಜೀವಿ ಸೋಸಿ ತಿಂತದ. ರಾಡಿಯಾಗ ಅದಕ್ಕ ಹೊಟ್ಟಿ ತುಂಬಂಗಿಲ್ಲ, ನೀರು ತಿಳಿ ಇದ್ದ ಕಡಿ ಸರಿತದ. ಮೃಗಾಲದ ಬಾಯಿ ತೆಳಮುಖ, ಅದು ಕೆಸರಾಗ ಮೂಗು ಇಟ್ಟೇ ತಿಂತದ. ಇನ್ನೊಂದು, ಹಳ್ಳಕ್ಕ ಎದುರು ಈಜಿ ಏರೂ ಗದ್ದಲ ಮೊದಲ ಮಳಿಗಿ. ಹಸ್ತಾ ಬರೋದ್ರಾಗ ತತ್ತಿ ಇಡೂದು ಬಹುತೇಕ ಮುಗದಿರ್ತದ. ಈಗ ಹಳ್ಳದ ಬಾಯಿಗಿ ಬರೂದು ತಿನ್ಲಿಕ್ಕ ಅಷ್ಟ.

ಹತ್ತಿಕುಣಿ_ಒಡ್ಡು
ಹಂಗಾದ್ರ ಸರಿ ಅದ. ಆದ್ರ ರಾಡಿ ಮತ್ತು ತಿಳಿ ಕೂಡೂ ಗೆರಿ ಅಂತ ಒಂದಿರ್ತದಲ್ಲ, ಅದನ್ನ ಯಾರೂ ಹೇಳವಲ್ರಿ. ಮಳಿ ಆದ ಮರುದಿನ ಒಡ್ಡಿನ ಮ್ಯಾಲ ನಿಂತು ನೋಡಿದ್ರ ಬಣ್ಣ ಬದಲಾಗೂದು ಎದ್ದು ಕಾಣ್ತದ. ಬೆಂಡು ಆ ಗೆರಿ ದಾಟಿ ತಿಳಿ ಕಡಿ ಒಂದು ಮಾರು ದೂರ ಬೀಳಬೇಕು. ರಾಡಿ ಕಡಿಯಿಂದ ಹುಳ ಹುಪ್ಪಡಿ ತೇಲಿ ಬರ್ತಾವ, ರೋಹು ತಿಳಿ ಕಡಿ ನಿಂತು ಆರಿಸ್ಕೊಂಡು ತಿಂತದ.

ಜಲಚರ_ಓದು
ಹೊತ್ತಿನ ವಿಷಯಕ್ಕೆ ಬರೋಣ. ಬೆಳಗಿನ 5 ಗಂಟೆ ಎಲ್ಲ ಕೆರೆಗೂ ಒಳ್ಳೆಯದು ಅನ್ನುವುದು ಈ ತಿಂಗಳಲ್ಲಿ ನಿಜವಲ್ಲ.

ಹಸಿರು ನೀರಿನಲ್ಲಿ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ಕೆರೆಯಲ್ಲಿ ಆಮ್ಲಜನಕ ಅತಿ ಕಡಿಮೆ. 25 ಡಿಗ್ರಿ ನೀರು ಹೆಚ್ಚೆಂದರೆ ಲೀಟರಿಗೆ 8 ಮಿ.ಗ್ರಾಂ. ಚಿಲ್ಲರೆ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಗೊಬ್ಬರದ ನೀರು ಹರಿದು ಬಂದು ದಟ್ಟ ಹಸಿರಾದ ಊರ ಕೆರೆಯಲ್ಲಿ ಮೋಡ ಕವಿದ ದಿನದ ಮರು ಬೆಳಗ್ಗೆ ಅದು 3ಕ್ಕಿಂತ ಕೆಳಗೆ ಹೋಗಬಹುದು. ಆಗ ಕಟ್ಲಾ ಮತ್ತು ರೋಹು ಮೇವಿನತ್ತ ತಿರುಗಿ ನೋಡುವುದಿಲ್ಲ. ಮೇಲೆ ಬಂದು ಬಾಯಿ ಬಿಡುತ್ತಾ ಇರುತ್ತವೆ. ಅದನ್ನು ನೋಡಿ ‘ಮೀನು ಆಡ್ತಾವ’ ಅಂತ ಅಲ್ಲೇ ಗಾಳ ಹಾಕುವವರೇ ಹೆಚ್ಚು.

ಅಂಥ ಕೆರೆಗೆ ಬೆಳಗ್ಗೆ 9ರಿಂದ 12 ಮತ್ತು ಸಂಜೆ 4ರಿಂದ ಕತ್ತಲಾಗುವವರೆಗೆ ಸರಿಯಾದ ಹೊತ್ತು.

ಕಾರಂಜಾ_ಗಾಳ
ಸರ್, ಇದು ಊರ ಕೆರಿಗಿ ಒಪ್ತದ. ಡ್ಯಾಮಿಗಿ ಒಪ್ಪಂಗಿಲ್ಲ. ಕಾರಂಜಾ ಹಿನ್ನೀರಾಗ ಗಾಳಿ ರಾತ್ರಿ ಪೂರ್ತಿ ತೆರಿ ಎಬ್ಬಿಸ್ತದ, ನೀರು ಅಷ್ಟು ಹಸರೂ ಇರಂಗಿಲ್ಲ. ಅಲ್ಲಿ ನಸುಕಿನಾಗ ದಂಡಿಗಿ ಮೀನು ಬರ್ತಾವ, 9 ಆದ್ಮ್ಯಾಲ ಆಳಕ್ಕ ಹೋಗ್ತಾವ.

ಜಲಚರ_ಓದು
ಒಪ್ಪುತ್ತೇನೆ. ವಿಸ್ತಾರವಾದ, ಗಾಳಿ ಬೀಸುವ ನೀರಿಗೆ ನಸುಕು. ಮುಚ್ಚಿದ, ಹಸಿರು, ಆಳವಿಲ್ಲದ ಕೆರೆಗೆ ಬಿಸಿಲೇರಿದ ಮೇಲೆ.

ಭೀಮಾ_ಬಲೆ
ಗಾಳಿ ಮಾತು ಬಂತಲ್ಲ, ಅದರ ದಿಕ್ಕು ಯಾರೂ ನೋಡಂಗಿಲ್ಲ. ಮಳಿಗಾಲ ಪೂರ್ತಿ ನಮ್ಮಲ್ಲಿ ಪಡುವಣ ಗಾಳಿ. ಮೇಲ್ನೀರಿನ ಆಹಾರ ಎಲ್ಲಾ ಮೂಡಣ ದಂಡಿಗಿ ತಳ್ಳಿಕೊಂಡು ಹೋಗ್ತದ. ಹಂಗಾಗಿ ಭಾದ್ರಪದದಾಗ ಮೂಡಣ ದಂಡಿಗಿ ಕೂತು ಗಾಳಿಗಿ ಎದುರು ಎಸಿಬೇಕು. ಹಸ್ತಾ ಮುಗದು ಚಿತ್ತಾ ಹಿಡಿಯೋದ್ರಾಗ ಗಾಳಿ ತಿರುಗ್ತದ, ಮೂಡಣದಿಂದ ಬೀಸ್ತದ. ಆವಾಗ ಪಡುವಣ ದಂಡಿ. ಬನ್ನಿ ಹಬ್ಬದ ಆಚೀಚಿ ಗಾಳಿ ಎರಡೂ ಕಡಿಯಿಂದ ಇಲ್ದಂಗ ಇರ್ತದಲ್ಲ, ಆ ದಿನಗೋಳ ಭಾಳ ಕಠಿಣ. ಹಳಿ ಜಾಗಾ ಬಿಡಲಾರದವ ಆವಾಗ ‘ಮೀನ ಇಲ್ಲ’ ಅಂತಾನ.

ಎದುರು ಗಾಳಿಗಿ ಎಸಿಯೂದು ತ್ರಾಸ ಅಂತ ಎಲ್ಲಾರೂ ಗಾಳಿ ಬೆನ್ನಿಗಿ ಇಟ್ಕೊಂಡು ಕೂಡ್ತಾರ. ಸುಖಾ ಅದ, ಮೀನು ಆಚಿ ದಂಡಿಗಿ ಅದಾವ.

ಅಮರ್ಜಾ_ದಂಡಿ
ನಮ್ಮ ಕೆರಿ ನೀರು ಮಣಿಕಟ್ಟು ದಾಟಿ ಮೊಣಕೈ ಮುಟ್ಟೂದ್ರಾಗ ಕಾಣಂಗಿಲ್ಲ, ಬಣ್ಣ ಕಂದು ಹಸರು. ಮೂಡಣ ದಂಡಿಗಿ ಜಾಲಿ ಗಿಡ ಮುಳಗ್ಯಾವ, ಅದಕ್ಕ ಪಡುವಣ ಒಡ್ಡಿನ ಮ್ಯಾಲ ಕೂಡ್ತೀನಿ. ಮೇವಿನ ಬಗ್ಗೆ ಹೇಳ್ರಿ.

ಗಾಣದ_ಹಿಂಡಿ
ಮೇವು ನನಗ ಬಿಡ್ರಿ.

ಗೋದಿ ಹಿಟ್ಟು ಜಿಗಟು ಆಗ್ತದ. ಉಂಡಿ ನೀರಾಗ ಕರಗಂಗಿಲ್ಲ, ವಾಸನಿ ಹರಡಂಗಿಲ್ಲ, ಸಣ್ಣ ಜಿಲೇಬಿ ಕೆರಕೋತ ತಿಂತಾವ. ಒಂದು ಹೊತ್ತಿಗಿ ಈ ಅಳತಿ ಸಾಕು: ಗಾಣದ ಶೇಂಗಾ ಹಿಂಡಿ ಅರ್ಧ ಕಿಲೋ, ಅಕ್ಕಿ ತೌಡು ಕಾಲು ಕಿಲೋ, ಜೋಳದ ಹಿಟ್ಟು ಕಾಲು ಕಿಲೋ, ಬೆಲ್ಲ 50 ಗ್ರಾಂ. ಹಿಂಡಿ ಕುಟ್ಟಿ ಜರಡಿ ಹಿಡಿರಿ. ಹೆಂಟಿ ಉಳಿದ್ರ ಮೀನು ಆ ಹೆಂಟಿ ಅಷ್ಟ ಎತ್ಕೊಂಡು ಗಾಳ ಬಿಡ್ತದ. ಬೆಲ್ಲ ಬಿಸಿ ನೀರಾಗ ಕರಗಿಸಿ, ಆರಿಸಿ, ಚಿಮುಕಿಸಿಕೋತ ಕಲಸ್ರಿ. ಮುಷ್ಟಿಯಾಗ ಹಿಚುಕಿದ್ರ ಉಂಡಿ ಆಗಬೇಕು, ಹೆಬ್ಬೆರಳಿಲೆ ಒತ್ತಿದ್ರ ಪುಡಿ ಆಗಬೇಕು. ನೀರು ಒಮ್ಮಿಗೇ ಸುರಿಬ್ಯಾಡ್ರಿ, ಕಲಸಿ ಹತ್ತು ನಿಮಿಷ ಬಿಡ್ರಿ, ತೌಡು ನೀರು ಹೀರಕೊಂಡ ಮ್ಯಾಲ ನೋಡಿ ಮತ್ತ ಹಾಕ್ರಿ.

ಆಮ್ಯಾಲ ಬಕೀಟಿನ ಪರೀಕ್ಷಾ. ಕೆರಿ ನೀರು ತುಂಬಿ ಒಂದು ಉಂಡಿ ಬಿಡ್ರಿ. ತಳ ಮುಟ್ಟೂ ತನಕ ಒಡಿಬಾರದು. 15ರಿಂದ 20 ನಿಮಿಷದಾಗ ಸುತ್ತೂ ಸಡ್ಲಾಗಿ ಕುಪ್ಪಿ ಆಗಿ ಬೀಳಬೇಕು. ಐದು ನಿಮಿಷಕ್ಕ ಕರಗಿದ್ರ ಜೋಳದ ಹಿಟ್ಟು ಒಂದು ಮುಷ್ಟಿ ಸೇರಿಸಿ ನಾದ್ರಿ. ಅರ್ಧ ತಾಸು ಆದ್ರೂ ಉಂಡಿ ಹಂಗೇ ಇದ್ರ ತೌಡು ಹಾಕ್ರಿ. ತೌಡು ಹಳೀದಾಗಿ ಕಮಟು ವಾಸನಿ ಬಂದಿದ್ರ ಬ್ಯಾಡ್ರಿ, ಅದ್ರಾಗಿನ ಎಣ್ಣಿ ಕೆಟ್ಟಿರ್ತದ.

ದಂಡಿಗಿ ಎರಚೂ ಮೇವು ಕಮ್ಮಿ ಮಾಡ್ರಿ. ಬ್ಯಾಸಿಗ್ಯಾಗ ಎರಡು ಕಿಲೋ ಎರಚಿದ್ರ ನಡಿತದ. ಈಗ ಕೆರಿ ತುಂಬಾ ತಾಜಾ ಆಹಾರ, ಮುಳುಗಿದ ಹುಲ್ಲು, ಹುಳ. ಹೊಟ್ಟಿ ತುಂಬಿದ ಮೀನಿಗಿ ಮತ್ತ ಉಣಿಸಿದ್ರ ಗಾಳ ಯಾಕ ಮುಟ್ತದ? ಲಿಂಬಿಹಣ್ಣಿನಷ್ಟು ನಾಲ್ಕೈದು ಉಂಡಿ ಸಾಕು, ತಾಸಿಗೊಮ್ಮಿ ಎರಡು.

ಶಹಾಪುರ_ಕಾಲುವಿ
ತೊಗರಿ ಚುನ್ನಿ ನಡಿತದಾ ಕಾಕಾ? ಕಲಬುರಗಿ ದಾಲ್ ಮಿಲ್ಲಿನದು ಅಗ್ಗ ಸಿಗ್ತದ.

ಗಾಣದ_ಹಿಂಡಿ
ಎರಚಲಿಕ್ಕ ನಡಿತದ, ಉಂಡಿಗಿ ಬ್ಯಾಡಪ್ಪ. ಹೊಟ್ಟು ಹೆಚ್ಚಿದ್ರ ಉಂಡಿ ಹಿಡಿಯಂಗಿಲ್ಲ.

ಬೆಣ್ಣೆತೊರಾ
ಜಿಲೇಬಿ ಕಾಟಕ್ಕ ಮದ್ದು: ಹಿಟ್ಟು ಬಿಡ್ರಿ, ಗ್ವಾವಿನಜ್ವಾಳ ಹಾಕ್ರಿ. ಕಾಳು ರಾತ್ರಿ ನೆನಸಿ, ಮರುದಿನ ಉಗುರು ಒತ್ತಿದ್ರ ಇಳಿಯೂ ತನಕ ಕುದಿಸ್ರಿ. ಸಿಪ್ಪಿ ಒಡದು ಹಿಟ್ಟು ಹೊರಗ ಬಂತಂದ್ರ ಹೆಚ್ಚಾಯ್ತು, ಗಾಳದಾಗ ನಿಲ್ಲಂಗಿಲ್ಲ. 8 ನಂಬರ್ ಗಾಳಕ್ಕ ಎರಡು ಕಾಳು, ಮೊನಿ ಹೊರಗ ಕಾಣಬೇಕು. ಜಿಲೇಬಿ ಮರಿ ಕಾಳು ನುಂಗಲಾರವು. ಸಾದಾ ಗೆಂಡೆ, ಹುಲ್ಲು ಗೆಂಡೆ ಆರಾಮ ತಿಂತಾವ.

ಅಮರ್ಜಾ_ದಂಡಿ
8 ನಂಬರ್ 6ಕ್ಕಿಂತ ದೊಡ್ಡದಲ್ಲೇನ್ರಿ?

ಬೆಣ್ಣೆತೊರಾ
ಇಲ್ರಿ, ಉಲ್ಟಾ. ನಂಬರ್ ಏರಿದಂಗ ಗಾಳ ಸಣ್ಣದು. 1ಕ್ಕ ಓರೆಗೆರಿ ಹಾಕಿ ಸೊನ್ನಿ ಬರದಿದ್ರ ಅಲ್ಲಿಂದ ಲೆಕ್ಕ ತಿರುಗ್ತದ, 3 ಓರೆಗೆರಿ ಸೊನ್ನಿ ಅಂದ್ರ ಇನ್ನೂ ದೊಡ್ಡದು.

ಕೋಡಿ_ಕಲ್ಲು
ಬೆಂಡು 3 ಅಡಿಗಿ ಕಟ್ಟಿದ್ದೇ ನಿನ್ನ ಅರ್ಧ ತಾಪತ್ರಯ. ಕೆರಿ ತುಂಬಿ ಮೊದ್ಲಿನಕಿಂತ ಎಷ್ಟು ಏರ್ಯದ ಅಳದೀಯೇನು? ಗಾಳಕ್ಕ ಒಂದು ಭಾರಾದ ಸೀಸದ ಗುಂಡು ಸಿಗಿಸಿ ಕೂಡೂ ಜಾಗಾಕ್ಕ ಬಿಡು. ಬೆಂಡು ಮುಳುಗಿದ್ರ ದಾರ ಇನ್ನೂ ಕಮ್ಮಿ, ಮೇಲೆತ್ತು. ಬೆಂಡು ಅಡ್ಡ ಮಲಗಿದ್ರ ದಾರ ಹೆಚ್ಚು, ಇಳಿಸು. ತುದಿ ಒಂದು ಬೆರಳಷ್ಟು ನೆಟ್ಟಗ ನಿಂತಾಗ ತಳ ಸಿಕ್ಕಂಗ. ಅಲ್ಲಿಂದ ಲೆಕ್ಕ: ಮೃಗಾಲ, ಗೆಂಡೆಗಿ ತಳಕ್ಕ ತಾಗಿ, ರೋಹುಗಿ ನಡುನೀರು, ಕಟ್ಲಾಕ್ಕ ಮ್ಯಾಲಿಂದ ಎರಡು ಮೂರು ಅಡಿ, ಮೋಡ ಇದ್ರ ಅದಕ್ಕೂ ಮ್ಯಾಲ.

ಇನ್ನ ಬೆಂಡು ಓದೂದು. ರೋಹು ಎರಡು ಮೂರು ಸಲ ಕುಕ್ಕಿ ಆಮ್ಯಾಲ ಓರೆಯಾಗಿ ಎಳಿತದ, ಎಳಿವಾಗ ಹೊಡಿ. ಕಟ್ಲಾ ಬಾಯಿಗಿ ಹೀರಿದ್ರ ಬೆಂಡು ನಡುಗ್ತದ, ನಿಧಾನ ಇಳಿತದ. ಆವಾಗ ಜೋರ ಎಳದ್ರ ತುಟಿ ಹರಿತದ, ಅದರ ತುಟಿ ಮೆತ್ತಗ. ಮೃಗಾಲದ್ದು ಬ್ಯಾರೆ: ಬೆಂಡು ಮುಳುಗಂಗಿಲ್ಲ, ಮ್ಯಾಲ ಎದ್ದು ಅಡ್ಡ ಬೀಳ್ತದ. ತಳದ ಮೇವು ಎತ್ತಿದಾಗ ಗುಂಡಿನ ಭಾರ ಬೆಂಡಿಗಿ ತಪ್ತದ, ಅದಕ್ಕ ಏಳ್ತದ. ಇದು ಕಾಣಬೇಕಂದ್ರ ಕಡೀ ಸಣ್ಣ ಗುಂಡು ಗಾಳದಿಂದ ಎರಡು ಇಂಚಿನ ಮ್ಯಾಲ ಇರ್ಬೇಕು. ಒಂದು ಅಡಿ ಮ್ಯಾಲ ಇಟ್ರ ಮೀನು ತಿಂದು ಉಗುಳಿದ್ರೂ ನಿನಗ ಗೊತ್ತಾಗಂಗಿಲ್ಲ.

ಶಹಾಪುರ_ಕಾಲುವಿ
ಮರಲ್ ಮೀನಿನ ಬಗ್ಗೆ ಯಾರೂ ಮಾತಾಡವಲ್ರಿ. ಆಪಿನ ಹುಲ್ಲಾಗ ರಬ್ಬರ್ ಕಪ್ಪಿ ಎಳದ್ರ ಹೊಡಿತದ, ಆದ್ರ ಸಿಗಂಗಿಲ್ಲ, ಬಿಟ್ಟು ಹೋಗ್ತದ.

ಸೌದಾಗರ_ಕೆರಿ
ತಮ್ಮಾ, ಹೊಡದ ತಕ್ಷಣ ರಾಡ್ ಎತ್ತೀಯಿ, ಅದಕ್ಕ. ಮರಲ್ ಮೊದಲ ಕಚ್ಚಿ ಒತ್ತಿ ಹಿಡಿತದ, ಆಮ್ಯಾಲ ತಿರುಗಿ ನುಂಗ್ತದ. ಸದ್ದು ಕೇಳಿದ ಮ್ಯಾಲ ದಾರದಾಗ ಭಾರ ಹತ್ತೂ ತನಕ ಎರಡು ಮೂರು ಎಣಿಸು, ಆಮ್ಯಾಲ ಗಟ್ಟಿ ಹೊಡಿ. ಕಪ್ಪಿ ಗಟ್ಟಿ ಇದ್ರ ಗಾಳದ ಮೊನಿ ಹೊರಗ ಬರಂಗಿಲ್ಲ, ಕೊಳ್ಳೂ ಮುಂಚೆ ಬೆರಳಿಲೆ ಹಿಚುಕಿ ನೋಡು. ಹುಲ್ಲಾಗ ಸಾದಾ ನೈಲಾನ್ ಬ್ಯಾಡ, ಹೆಣೆದ ದಾರ ಬೇಕು, ನೈಲಾನ್ ಹಿಗ್ಗತದ.

ಮತ್ತ ಒಂದು ಮಾತು. ನೀರಿನ ಮ್ಯಾಲ ಕೆಂಪು ಮರಿಗೋಳ ಗುಂಪು ಗುಳು ಗುಳು ಅಂತಿದ್ರ ಅಲ್ಲಿ ಎಸಿಬ್ಯಾಡ. ತೆಳಗ ತಾಯಿ ತಂದಿ ಕಾಯ್ತಿರ್ತಾವ. ಸಿಟ್ಟಿಗಿ ಹೊಡಿತಾವ, ಹಿಡಿಯೂದು ಸಸಾರ. ಹಿಡದ್ರ ಆ ಮರಿ ಅರ್ಧ ದಿನದಾಗ ಜಿಲೇಬಿ ಪಾಲು.

ಹತ್ತಿಕುಣಿ_ಒಡ್ಡು
ಹಿಡಿಯೂದು ಸಸಾರ ಇದ್ದಿದ್ದಕ್ಕ ಎಲ್ಲಾರೂ ಅದನ್ನೇ ಮಾಡ್ತಾರ. ಮುಂದಿನ ವರ್ಷ ಬಂದು ‘ಮರಲ್ ಕಮ್ಮಿ ಆಗ್ಯಾವ’ ಅಂತ ಅಳ್ತಾರ.

ಓಣಿ_ಗಣಪ
ಗಣಪತಿ ಬಿಟ್ಟ ಮೆಟ್ಟಿಲ ಹತ್ರ ಗಾಳ ಹಾಕಬ್ಯಾಡ್ರೋ. ತೆಳಗ ಕಬ್ಬಿಣ ಸರಳು, ತಂತಿ, ಬಿದಿರ ಚೌಕಟ್ಟು. ಗಾಳ ಎಲ್ಲಾ ಅಲ್ಲೇ.

ಶಹಾಪುರ_ಕಾಲುವಿ
ಊರ ಕೆರಿ ಮೀನು ಮಣ್ಣು ವಾಸನಿ ಹೊಡಿತದಲ್ಲ, ಅದಕ್ಕೇನರೆ ಉಪಾಯ?

ರೊಟ್ಟಿ_ಮೀನು
ಹುಣಸಿಹುಳಿ. ತುಂಡಿಗಿ ಉಪ್ಪು, ಅರಿಷಿಣ, ಗಟ್ಟಿ ಹುಣಸಿ ರಸ ಹಚ್ಚಿ ಅರ್ಧ ತಾಸು ಬಿಟ್ಟು ತೊಳಿರಿ. ಹೊಟ್ಟಿ ಒಳಗಿನ ಕರಿ ಪರದಿ ಪೂರ್ತಿ ಕೆರದು ತಗೀರಿ. ಆಮ್ಯಾಲ ಶೇಂಗಾ, ಎಳ್ಳು ಹುರದು ಅರದು ಮಾಡಿದ ಹುಳಿ, ಜೋಳದ ರೊಟ್ಟಿ. ಮರುದಿನ ಇನ್ನೂ ರುಚಿ.

ಜಲಚರ_ಓದು
ಆ ವಾಸನೆ ಮಣ್ಣಿನದೇ ಅಲ್ಲ. ಕೆಲವು ನೀಲಿಹಸಿರು ಪಾಚಿ ಮತ್ತು ಬ್ಯಾಕ್ಟೀರಿಯಾ ಬಿಡುವ ಜಿಯೋಸ್ಮಿನ್ ಎಂಬ ಪದಾರ್ಥ ಮೀನಿನ ಕೊಬ್ಬಿನಲ್ಲಿ ಕೂಡುತ್ತದೆ. ಹುಳಿ ಪದಾರ್ಥಕ್ಕೆ ಅದು ಒಡೆಯುತ್ತದೆ, ಹುಣಸೆ ಕೆಲಸ ಮಾಡುವುದು ಅದಕ್ಕೇ.

ಕೆರೆಯಲ್ಲಿ ಒಮ್ಮೆಲೇ ಮೀನು ಸತ್ತರೆ ‘ಯಾರೋ ವಿಷ ಹಾಕಿದ್ರು’ ಅನ್ನುವ ಮುಂಚೆ ಸತ್ತದ್ದು ಏನೇನು ಅಂತ ನೋಡಿ. ನಸುಕಿನಲ್ಲಿ ಸತ್ತು, ದೊಡ್ಡ ಕಟ್ಲಾ, ರೋಹು ಮೊದಲು ತೇಲಿ, ಮರಲ್ ಮತ್ತು ಚೇಳು ಮೀನು ಬದುಕಿದ್ದರೆ ಅದು ಆಮ್ಲಜನಕದ ಕೊರತೆ. ಅವೆರಡೂ ಮೇಲೆ ಬಂದು ಗಾಳಿ ಕುಡಿಯಬಲ್ಲವು. ಸಣ್ಣದು ದೊಡ್ಡದು ಎನ್ನದೆ ಸೀಗಡಿ, ಕಪ್ಪೆ, ನೀರು ಹುಳ ಎಲ್ಲವೂ ಸತ್ತಿದ್ದರೆ ಔಷಧ ಹರಿದು ಬಂದಿರುವ ಸಂಶಯ. ಹತ್ತಿ, ತೊಗರಿಗೆ ಸಿಂಪಡಣೆ ನಡೆಯುವ ಕಾಲ ಇದೇ. ಅಂಥ ಮೀನು ತಿನ್ನಬೇಡಿ, ಮಾರಬೇಡಿ.

ಭೀಮಾ_ಬಲೆ
ಪಂಪು, ಡಬ್ಬಿ ಕೆರ್ಯಾಗೇ ತೊಳಿತಾರ. ಬೈದ್ರ ‘ಒಂದು ಡಬ್ಬಿಗೇನಾಗ್ತದ’ ಅಂತಾರ.

ಕಾರಂಜಾ_ಗಾಳ
ಹೊಸಬರಿಗಿ ಒಂದು ಮಾತು. ಕೆರಿ ಅಂದ್ರ ಯಾರಪ್ಪಂದೂ ಅಲ್ಲ ಅಂತ ಹೋಗಿ ಕೂಡಬ್ಯಾಡ್ರಿ. ದೊಡ್ಡ ಕೆರಿ, ಡ್ಯಾಮು ಮೀನುಗಾರಿಕಿ ಇಲಾಖೆದು, ಸಣ್ಣವು ಪಂಚಾಯತಿದು. ಮೀನುಗಾರರ ಸೊಸೈಟಿಗಿ ಇಲ್ಲಾ ಗುತ್ತೇದಾರಗ ಕೊಟ್ಟಿರ್ತಾರ. ಅವರು ರೊಕ್ಕಾ ಕೊಟ್ಟು ಮರಿ ಬಿಟ್ಟಿರ್ತಾರ. ಕೇಳಿ ಕೂಡ್ರಿ. ಈಗ ಸಿಗೂ ಬೆರಳುದ್ದ ಕಟ್ಲಾ, ರೋಹು ಅವೇ ಬಿತ್ತನಿ ಮರಿ, ಕೈ ಒದ್ದಿ ಮಾಡ್ಕೊಂಡು ಗಾಳ ಬಿಡಿಸಿ ವಾಪಸ್ ಬಿಡ್ರಿ.

ಸೌದಾಗರ_ಕೆರಿ
ಚಂದ್ರಂಪಳ್ಳಿ ಸುದ್ದಾ ನೆನಪಿರ್ಲಿ, ಅದು ಚಿಂಚೋಳಿ ವನ್ಯಜೀವಿ ಧಾಮದಾಗ ಬರ್ತದ. ಬೋನಾಳ ಪಕ್ಷಿಧಾಮ. ಎರಡೂ ಕಡಿ ಗಾಳದ ಮಾತು ಬ್ಯಾಡ. ಹರಿದ ದಾರ ಎಲ್ಲೇ ಆಗ್ಲಿ ದಂಡಿಗಿ ಬಿಸಾಕಬ್ಯಾಡ್ರಿ, ಚಳಿಗಾಲದ ಹಕ್ಕಿ ಬರೂ ಹೊತ್ತು, ಕಾಲಿಗಿ ಸುತ್ಕೊಂತದ.

ಶಹಾಪುರ_ಕಾಲುವಿ
ನಾರಾಯಣಪುರ ಡ್ಯಾಮಿನ ತೆಳಗ ಹೆಂಗ? ಭಾರಿ ಮೀನು ಅಂತಾರ.

ಭೀಮಾ_ಬಲೆ
ಗೇಟು ಯಾವಾಗ ಬಿಡ್ತಾರ ನಿನಗ ಹೇಳಿ ಬಿಡ್ತಾರೇನು? ನದ್ಯಾಗಿನ ಬಂಡಿಗಲ್ಲಿನ ಮ್ಯಾಲ ಕೂತವ ಆಚಿ ಈಚಿ ಆಗದಂಗ ಸಿಕ್ಕ ಬೀಳ್ತಾನ. ಕೃಷ್ಣಾದಾಗ ಮೊಸಳಿ ಬ್ಯಾರೆ ಅದಾವ. ಮಳಿಗಾಲದ ನೀರು ಪೂರ್ತಿ ಇಳಿಯೂ ತನಕ ಆ ಕಡಿ ಹೋಗಬ್ಯಾಡ.

ಬೆಣ್ಣೆತೊರಾ
ಹಸ್ತಾ, ಚಿತ್ತಾ ಮಳಿ ಗುಡುಗು ಸಿಡಿಲಿನವು. ಕಾರ್ಬನ್ ರಾಡಿನಾಗ ಕರೆಂಟ್ ಹರಿತದ. ಗುಡುಗು ಕೇಳಿದ್ರ ರಾಡ್ ನೆಲಕ್ಕ ಮಲಗಿಸಿ ದೂರ ಹೋಗ್ರಿ, ಒಂಟಿ ಗಿಡದ ತೆಳಗ ನಿಲ್ಲಬ್ಯಾಡ್ರಿ. ವಿದ್ಯುತ್ ತಂತಿ ತೆಳಗ ಎಸಿಯೂದಂತೂ ಬ್ಯಾಡೇ ಬ್ಯಾಡ.

ಅಮರ್ಜಾ_ದಂಡಿ
ತಿಳೀತು. ಈಗ ಮೂಡಣ ದಂಡಿಗಿ ಹೋಗ್ತೀನಿ ಅಂದ್ರ ಆ ಮುಳುಗಿದ ಜಾಲಿ ಗಿಡ? ದಾರ ಸಿಗಿಬಿದ್ದು ಹರಿತದಲ್ರಿ.

ಕೋಡಿ_ಕಲ್ಲು
ಜಾಲಿ ಇದ್ದಲ್ಲೇ ರೋಹು ಇರ್ತದ ಮಾರಾಯ. ಮುಳುಗಿದ ಟೊಂಗಿಗಿ ಪಾಚಿ ಕಟ್ತದ, ಅದನ್ನ ಕೆರಕೊಂಡು ತಿನ್ಲಿಕ್ಕ ಬರ್ತಾವ. ಗಿಡದೊಳಗ ಎಸಿಬ್ಯಾಡ, ಅಂಚಿನಿಂದ ಎರಡು ಮಾರು ಈಚಿ ಬಿಡು. ಮೇವಿನ ಉಂಡಿನೂ ಅಲ್ಲೇ ಹಾಕು, ಮೀನು ಹೊರಗ ಬರ್ತದ. ಮೇವು ಮೆತ್ತಿ ಸುತ್ತ ನಾಲ್ಕು ಗಾಳ ಬಿಡೂ ಸ್ಪ್ರಿಂಗ್ ಅಲ್ಲಿ ಬ್ಯಾಡ, ಒಂದು ಮೀನಿಗಿ ಸಿಕ್ರ ಉಳದ ಮೂರು ಟೊಂಗಿಗಿ ಸಿಗ್ತಾವ. ಬೆಂಡು, ಒಂದ ಗಾಳ. ಗಾಳ ಕಟ್ಟೂ ತುದಿಗಿ ಒಂದು ಅಡಿ 0.28 ದಾರ ಗಂಟು ಹಾಕು, ಸಿಗಿಬಿದ್ರ ಅಷ್ಟ ಹರಿತದ, ಬೆಂಡು ಉಳಿತದ. ಮೀನು ಬಿದ್ದ ಕೂಡ್ಲೆ ರಾಡ್ ಅಡ್ಡ ಮಲಗಿಸಿ ಗಿಡದ ಉಲ್ಟಾ ಕಡಿ ತಿರುಗಿಸು, ಮ್ಯಾಲ ಎತ್ತಬ್ಯಾಡ.

ಗಾಣದ_ಹಿಂಡಿ
ಅಲ್ಲಿ ಎರಿ ಮಣ್ಣಿನ ದಂಡಿ ಇದ್ರ ನೀರಿನ ಅಂಚಿಗಿ ಇಳಿಬ್ಯಾಡಪ್ಪ, ಮೊಳಕಾಲ ತನಕ ಹುಗಿತದ. ಹಲಗಿನರೆ ಹಾಕ್ಕೊ, ಇಲ್ಲಾ ಉದ್ದ ಹಿಡಿಕಿ ಜಾಲ್ರಿ ಒಯ್ಯಿ.

ಅಮರ್ಜಾ_ದಂಡಿ
ಹಿಂಡಿ ನೆನಸಿ ಇಟ್ರ ಎಷ್ಟು ಹೊತ್ತು ತಡಿತದ ಕಾಕಾ? ಸೆಖಿ ಭಾಳ ಅದ.

ಗಾಣದ_ಹಿಂಡಿ
ಒಂದು ರಾತ್ರಿ. ಜರಾ ಹುಳಿ ವಾಸನಿ ಬಂದ್ರ ಗೆಂಡೆಗಿ ಇನ್ನೂ ಛಲೋ, ಬೂಷ್ಟು ಹಿಡದು ನೂಲು ಬಂತಂದ್ರ ಎಮ್ಮಿಗೂ ಹಾಕಬ್ಯಾಡ, ತಿಪ್ಪಿಗಿ ಹಾಕು.